ಖಾಲಿ ಪೆಟ್ಟಿಗೆಯ ಶಿಖರ

“ಈ ಶಿಖರವೇ ನಮ್ಮ ಪ್ರೋಟೀನಿನ ಗುರುತು,” ಎಂದು ಪ್ರೊಫೆಸರು ಅತಿಥಿಗಳಿಗೆ ಪರದೆಯ ಗೆರೆ ತೋರಿಸಿದಾಗ ಸಂಶೋಧನಾ ವಿದ್ಯಾರ್ಥಿನಿಯ ಮೈಯೆಲ್ಲ ಉರಿದುಹೋಯಿತು. ಉಪಕರಣ ಹಾಯಿಸುವ ಟೆರಾಹರ್ಟ್ಸ್ ಅಲೆಗಳನ್ನು ಗಾಳಿಯ ತೇವವೂ ಹೀರುತ್ತದೆ, ಈ ಶಿಖರ ಅದರದ್ದೇ ಎಂದು ಅವಳು ಅವರಿಗೆ ಮೂರು ಸಲ ಹೇಳಿದ್ದಳು. ಮೂರು ಸಲವೂ, “ನಿಂಗೇನು ಗೊತ್ತು, ಸುಮ್ನಿರಮ್ಮ,” ಎಂದು ಬಾಯಿ ಮುಚ್ಚಿಸಿದ್ದರು. ಈ ಶಿಖರದ ಬಗ್ಗೆ ಬರೆದು ಅಚ್ಚಿಗೆ ಹೊರಟ ಪ್ರಬಂಧದಲ್ಲಿ ಅವಳ ಹೆಸರೂ ಇತ್ತು.

ಅವಳು ಎದ್ದು ಹೋಗಿ ಉಪಕರಣದ ಪೆಟ್ಟಿಗೆಯ ಮುಚ್ಚಳ ತೆರೆದಳು. ಒಳಗಿದ್ದ ಪ್ರೋಟೀನಿನ ಬಿಲ್ಲೆಯನ್ನು ತೆಗೆದು ಪ್ರೊಫೆಸರ ಮುಂದೆ ಟಪ್ಪನೆ ಇಟ್ಟಳು.

“ಏನಿದು?”

“ಪೆಟ್ಟಿಗೆ ಈಗ ಖಾಲಿ ಸರ್. ನೋಡ್ತಾ ಇರಿ.”

ಮುಚ್ಚಳ ಹಾಕಿ ಗುಂಡಿ ಒತ್ತಿದಳು. ಗೆರೆ ಮೆಲ್ಲಗೆ ಸಾಗಿ, ಅದೇ ಜಾಗದಲ್ಲಿ ಅದೇ ಶಿಖರವಾಗಿ ಎದ್ದು ನಿಂತಿತು. ಪ್ರೊಫೆಸರ ಮುಖ ಕಪ್ಪಿಟ್ಟಿತು. ಹಿರಿಯ ಅತಿಥಿ ತಮ್ಮ ಕುರ್ಚಿಯನ್ನು ಅವಳ ಮೇಜಿನತ್ತ ಎಳೆದುಕೊಂಡು, “ಮೊದಲಿಂದ ನೀವೇ ಹೇಳಿ,” ಎಂದರು.