ಒಂದು ಮನೆಗೆ ಒಂದೇ ಸೀಟು

“ಗಂಡನಿಗೆ ತವರಿಗೆ ಹೋಗ್ತೀನಿ ಅಂತ ಹೇಳಿ ಬೆಂಗ್ಳೂರು ಬಸ್ ಹತ್ತವ್ಳೆ ಕಣ್ರೀ ಈ ಹುಡ್ಗಿ!”

ಶ್ಯಾಮಲಮ್ಮ ಹಿಂಗೆ ಕೂಗಿದ್ದೇ ತಡ, ಬಸ್ಸಲ್ಲಿದ್ದ ಹದಿನೆಂಟು ಜನಾನೂ ತಿರುಗಿ ನೋಡಿದ್ರು. ಲಕ್ಷ್ಮೀನರಸಮ್ಮನ ಒಂದು ಕಾಲು ಇನ್ನೂ ಬಾಗ್ಲ ಮೆಟ್ಲ ಮೇಲೇ ಇತ್ತು. ಇಪ್ಪತ್ತೆರಡು ವಯಸ್ಸಿನ ಹುಡ್ಗಿ. ಮುಖ ಸುಣ್ಣ ಬಳಿದಂಗಾಯ್ತು.

“ನಿಮಗೆ ಹೆಂಗಮ್ಮ ಗೊತ್ತು?” ಅಂದ ಹಿಂದಿನ ಸೀಟಿನ ಬಯ್ಯಪ್ಪ. ಊರಿನೋರ ವಿಷ್ಯ ಎಲ್ಲಾ ಬೇಕು ಆತನಿಗೆ.

“ಬೆಳಿಗ್ಗೆ ಇದೇ ಕಿವೀಲಿ ಕೇಳ್ದೆ. ಕೆಂಚಾರ್ಲಹಳ್ಳೀಲಿ ಅಮ್ಮಂಗೆ ಹುಷಾರಿಲ್ಲ ಅಂತ ಏನ್ ಅಳು, ಏನ್ ಕತೆ!”

“ಬಸ್ ಸ್ಟ್ಯಾಂಡಲ್ಲೆಲ್ಲಾ ಗುಟ್ಟು ಮಾತಾಡಬಾರ್ದು ಕಣಮ್ಮ,” ಅಂತ ಬಯ್ಯಪ್ಪ ಹುಡ್ಗೀಗೆ ಬುದ್ಧಿ ಹೇಳಿದ.

ರಿಟೈರಾದ ಡ್ರಾಯಿಂಗ್ ಮೇಷ್ಟ್ರು ಆವಲಪ್ಪ ಚಿಕ್ಕಬಳ್ಳಾಪುರದಿಂದ ಹೊರಡಿಸಿದ್ದ ಟೂರು ಅದು. ವಿಧಾನಸೌಧ ಕಟ್ಟಿ ಮುಗಿದು ಎರಡು ವರ್ಷ ಆಗಿತ್ತು. ಅದನ್ನ ನೋಡೋದು, ಆಮೇಲೆ ಮ್ಯೂಸಿಯಂ ಶಿಲ್ಪ ನೋಡೋದು. ಮೇಷ್ಟ್ರದ್ದು ಒಂದೇ ರೂಲ್ಸು. ಒಂದು ಮನೆಯಿಂದ ಒಬ್ರೇ. “ಮನೆಯೋರೆಲ್ಲಾ ಬಂದ್ರೆ ಕಂಬ ಯಾರ್ ನೋಡ್ತಾರೆ? ಒಬ್ಬರ ಮುಖ ಒಬ್ರು ನೋಡ್ಕೊಂಡು ಜಗಳ ಆಡ್ತಾರೆ. ಒಬ್ಬೊಬ್ರೇ ಬನ್ನಿ, ಗುಂಪಾಗಿ ನೋಡಣ.”

“ಇಳಿಸಿ ಮೇಷ್ಟ್ರೇ ಇವಳನ್ನ,” ಅಂದ್ರು ಶ್ಯಾಮಲಮ್ಮ.

“ಸುಳ್ಳು ಹೇಳಿ ಬಂದೋರನ್ನ ಇಳಿಸ್ಬೇಕು ಅಂತ ರೂಲ್ಸಿಲ್ಲಮ್ಮ. ಯಾವೂರಮ್ಮ ನಿಂದು?”

“ಗೌರಿಬಿದನೂರು ಕಡೆ,” ಅಂದ್ಲು ಹುಡ್ಗಿ.

“ತಮ್ಮದು?”

“ಪೆರೇಸಂದ್ರ,” ಅಂದು ಶ್ಯಾಮಲಮ್ಮ ಕಿಟಕಿ ಕಡೆ ತಿರುಗಿದ್ರು.

ಖಾಲಿ ಇದ್ದಿದ್ದು ಅವರ ಪಕ್ಕದ ಸೀಟೊಂದೇ. ಡ್ರೈವರ್ ತೆಲುಗಲ್ಲಿ “ಪದಂಡಿ ಪದಂಡಿ” ಅಂತ ಅವಸರ ಮಾಡಿ ಬಸ್ ಬಿಟ್ಟ. ಹುಡ್ಗಿ ತುದೀಲಿ ಕೂತ್ಲು.

“ವಿಷ್ಯ ನಿನ್ ಗಂಡನ ಕಿವಿಗೆ ಬಿದ್ರೆ ಏನಾಗತ್ತೆ ಗೊತ್ತಾ?”

“ಗೊತ್ತು. ಇನ್ ಹೊಸ್ಲು ದಾಟಕ್ ಬಿಡಲ್ಲ.”

ಅಷ್ಟೇ ಅವಳ ಭಯ. ಮದ್ವೆ ಆಗಿ ಮೂರು ವರ್ಷ. ಒಲೆ, ಹಿಪ್ಪುನೇರಳೆ ತೋಟ, ಹುಳು ಸಾಕೋ ಮನೆ, ಮತ್ತೆ ಒಲೆ. ಇವತ್ತು ಸಿಕ್ಕಿಬಿದ್ರೆ ಇನ್ನೊಂದು ಸಲ ಅನ್ನೋದೇ ಇರಲ್ಲ.

“ನಿಮ್ಮನೆ ನಂಗೆ ಚೆನ್ನಾಗ್ ಗೊತ್ತು. ಬಂದೇ ಹೇಳ್ತೀನಿ,” ಅಂದ್ರು ಶ್ಯಾಮಲಮ್ಮ.

“ಬನ್ನಿ. ನಿಮಗೆ ಬಾಗ್ಲು ಹಾಕೋರು ಯಾರಿದಾರೆ?”

ವಿಧಾನಸೌಧದ ಮುಂದೆ ಮೇಷ್ಟ್ರು ಕಂಬ ತೋರಿಸ್ತಾ ಇದ್ರೆ ಇವರಿಬ್ಬರದ್ದೇ ಗಲಾಟೆ. ತಲೆ ಮೇಲೆ ಸೆರಗಿಲ್ಲ ಅಂದ್ರು ಶ್ಯಾಮಲಮ್ಮ. ಕಲ್ಲು ನೋಡಕ್ಕೆ ಬಂದಿದೀರೋ ನನ್ ತಲೆ ನೋಡಕ್ಕೋ ಅಂದ್ಲು ಹುಡ್ಗಿ. ಇಷ್ಟು ಕಿತ್ತಾಡಿದ್ರೂ, ಶ್ಯಾಮಲಮ್ಮ ಮೆಟ್ಲ ಹತ್ರ ಬಂದ ತಕ್ಷಣ, ಕೂತಿದ್ದ ಹುಡ್ಗಿ ಚೇಳು ಕಡಿದಂಗೆ ಎದ್ದು ನಿಂತ್ಲು. ಅವರು ಕೂತ್ರು. ಅವಳು ಕೂರ್ಲಿಲ್ಲ.

ಮ್ಯೂಸಿಯಮ್ಮಲ್ಲಿ ಗುಂಪು ಮುಂದೆ ಹೋದ್ರೂ ಶ್ಯಾಮಲಮ್ಮ ಹೋಗ್ಲಿಲ್ಲ. ಕನ್ನಡಿ ಹಿಡ್ಕೊಂಡು ನಿಂತಿದ್ದ ಒಂದು ಕಲ್ಲಿನ ಹೆಂಗ್ಸಿನ ಮುಂದೆ ನಿಂತುಬಿಟ್ಟಿದ್ರು. ಕೈ ಚಾಚಿ ಅದರ ಬಳೆ ಮುಟ್ಟಿದ್ರು. ಕಾವಲಿನೋನು ಗದರಿದ. ತಿರುಗಿ ನೋಡಿದ್ರೆ ಹಿಂದೇನೇ ಹುಡ್ಗಿ.

“ಮುರುಗಮಲ್ಲದ ಹರಕೆ ಇಲ್ಲೇ ತೀರ್ತಾ ಅಮ್ಮ?”

ಶ್ಯಾಮಲಮ್ಮನ ಕೈ ಸೆರಗೊಳಗೆ ಹೋಯ್ತು.

“ಬೆಳಿಗ್ಗೆ ನಂಗೂ ಕಿವಿ ಇತ್ತು,” ಅಂದ್ಲು ಹುಡ್ಗಿ. “ದರ್ಗಾಕ್ಕೆ ಹೋಗ್ಬರ್ತೀನಿ ಅಂತ ಹೊರಟೋರು ನೀವು. ನನ್ ವಿಷ್ಯ ಹೇಳಿದ್ರೆ ನಿಮ್ ವಿಷ್ಯಾನೂ ಹೋಗತ್ತೆ.”

“ನಾನ್ ಹೇಳಿದ್ರೆ ನಂಬ್ತಾರೆ. ನೀನ್ ಹೇಳಿದ್ರೆ ಯಾವನೇ ನಂಬ್ತಾನೆ?”

ಅದು ನಿಜ. ಹುಡ್ಗಿ ಗುಂಪಿನ ಕಡೆ ನಡೆದ್ಲು.

ಕಬ್ಬನ್ ಪಾರ್ಕಲ್ಲಿ ಊಟ. ಇಬ್ರೂ ದೂರ ದೂರ ಕೂತು ಡಬ್ಬಿ ತೆಗೆದ್ರು. ಇಬ್ಬರದ್ರಲ್ಲೂ ಹುಣಸೆ ಅನ್ನ, ಕಡ್ಲೆಬೀಜ.

“ಏನ್ರಮ್ಮಾ, ಒಂದೇ ಹೋಟ್ಲಾ?” ಅಂದ ಬಯ್ಯಪ್ಪ. ಎಲ್ಲಾ ನಕ್ಕರು. ಅವರಿಬ್ರು ನಗ್ಲಿಲ್ಲ.

“ಉಪ್ಪು ಜಾಸ್ತಿ,” ಅಂದ್ರು ಶ್ಯಾಮಲಮ್ಮ ತಮ್ಮ ಡಬ್ಬೀದು ತಿಂದು.

“ಮಾಡಿದೋರಿಗೆ ಹೇಳಿ.”

“ದಿನಾ ಹೇಳ್ತೀನಿ. ಕೇಳೋಳಿಗೆ ಕಿವಿ ಬೇಕಲ್ಲ.”

ಸಾಯಂಕಾಲ ಆರಕ್ಕೆ ಚಿಕ್ಕಬಳ್ಳಾಪುರ. ಎಲ್ಲಾ ಇಳಿದ ಮೇಲೆ ಮೇಷ್ಟ್ರು ಕೂಗಿ ಹೇಳಿದ್ರು, “ಮುಂದಿನ ತಿಂಗ್ಳು ಮೈಸೂರು! ಅರಮನೆ! ಹೆಸರು ನಾಡಿದ್ದರೊಳಗೆ ಕಾಗ್ದ ಬರ್ದು ತಿಳಿಸಿ. ಒಂದು ಮನೆಗೆ ಒಂದೇ ಸೀಟು, ನೆನಪಿರ್ಲಿ!”

ಲಕ್ಷ್ಮೀನರಸಮ್ಮ ಕೇಳಿಸಿದರೂ ಕೇಳಿಸದೋಳ ಥರ ನಡೆದ್ಲು. ಮೈಸೂರು ಯಾಕೆ, ನಾಳೆಯಿಂದ ಬಾವಿ ಕಟ್ಟೇನೇ ದೂರ.

ಪೆರೇಸಂದ್ರದ ಬಸ್ಸು ಆ ಕಡೆ ನಿಂತಿತ್ತು. ಶ್ಯಾಮಲಮ್ಮ ಶಿಡ್ಲಘಟ್ಟದ ಬಸ್ ಹತ್ರ ಬಂದ್ರು. ಹುಡ್ಗಿ ಆಗ್ಲೇ ಅದರ ಬಾಗ್ಲ ಕಂಬಿ ಹಿಡ್ಕೊಂಡಿದ್ಲು. ರಟ್ಟೆ ಹಿಡಿದು ಎಳೆದ್ರು.

“ಇದಕ್ಕೆ ಹತ್ತಬೇಡ. ನಾನು ಹೋಗ್ತೀನಿ. ನೀನು ಮುಂದಿನ ಬಸ್ಸಿಗೆ ಬಾ.”

“ಯಾಕೆ? ಮೊದ್ಲು ಹೋಗಿ ಚಾಡಿ ಹೇಳಕ್ಕಾ?” ಹುಡ್ಗಿ ಕಣ್ಣಲ್ಲಿ ನೀರು. “ಹೇಳ್ಕೊಳಿ. ಹೇಳಿ ಖುಷಿಯಾಗಿ ನಿದ್ದೆ ಮಾಡಿ.”

“ಬಾಯ್ ಮುಚ್ಚೇ,” ಅಂದ್ರು ಶ್ಯಾಮಲಮ್ಮ. ಸುತ್ತ ಒಂದ್ಸಲ ನೋಡಿದ್ರು. ಬಯ್ಯಪ್ಪ ದೂರ ಇದ್ದ. ದನಿ ತಗ್ಗಿಸಿದ್ರು.

“ನಾಳೆ ಬೆಳಿಗ್ಗೆ ಐದಕ್ಕೆ ಒಲೆ ಹತ್ರ ಸಿಗು. ಮೈಸೂರಿಗೆ ಇಬ್ರೂ ಯಾವ ಸುಳ್ಳು ಹೇಳಿ ಹೋಗಣ ಅಂತ, ನನ್ ಮಗ ಏಳೋದ್ರೊಳಗೆ ಗೊತ್ತು ಮಾಡ್ಕೋಬೇಕು.”