ಅರ್ವೋ ಕೂರಿಸಿದ ಅಗ್ಗಿಷ್ಟಿಕೆ

"ಅದನ್ನ ಮುಟ್ಟಿದ್ರೆ ನಿನ್ನ ಕೈ ಮುರೀತೀನಿ!"

ಹಿಮ ಮೆತ್ತಿದ ಬೂಟಿನಲ್ಲೇ ಪಾದ್ರಿಯ ಮನೆಯ ಹಜಾರಕ್ಕೆ ನುಗ್ಗಿದ ಹಿಲ್ಯಾ ರೌಟಿಯೊ ಕೂಗಿದಳು. ಎಪ್ಪತ್ತೆಂಟರ ಮುದುಕಿ; ಗಂಟಲು ಮಾತ್ರ ಇನ್ನೂ ಮೂವತ್ತರದು. ಅಗ್ಗಿಷ್ಟಿಕೆಯೊಳಗೆ ತಲೆ ತೂರಿಸಿದ್ದ ಒಲೆ ಕೆಲಸದ ಲಾಯ್ಡ್ ಬೆಚ್ಚಿಬಿದ್ದು ತಗಡಿಗೆ ತಲೆ ಬಡಿಸಿಕೊಂಡ.

ಆ ಅಗ್ಗಿಷ್ಟಿಕೆಯನ್ನು ನಲವತ್ತು ವರ್ಷದ ಹಿಂದೆ ಚರ್ಚಿಗೆ ದಾನ ಕೊಟ್ಟು, ತಾನೇ ಕೂರಿಸಿದವನು ಹಿಲ್ಯಾಳ ಗಂಡ ಅರ್ವೋ. ಕಾರ್ಖಾನೆಯಿಂದಲೇ ಸಿದ್ಧವಾಗಿ ಬಂದ ತಗಡಿನ ಪೆಟ್ಟಿಗೆ. ಮರದ ಗೋಡೆಯೊಳಗೆ ತಳ್ಳಿ, ಮೇಲೊಂದು ಹೊಗೆ ಕೊಳವೆ ಸಿಕ್ಕಿಸಿದರೆ ಮುಗಿಯಿತು. ಅರ್ವೋ ಸತ್ತು ಮೂರು ಚಳಿಗಾಲ ಕಳೆದಿತ್ತು. ಊರಿಗೆ ಹೊಸದಾಗಿ ಬಂದ ಪಾದ್ರಿ ಸಿಗ್ರಿಡ್, ಉರಿಯುವ ಬೆಂಕಿಯೆದುರೂ ಉಣ್ಣೆ ಟೋಪಿ, ಎರಡೆರಡು ಸ್ವೆಟರ್ ತೊಟ್ಟು ಬದುಕುತ್ತಿದ್ದಳು. ಸುಪೀರಿಯರ್ ಸರೋವರದ ಗಾಳಿ ಪಾದ್ರಿ ಅಂತ ರಿಯಾಯಿತಿ ತೋರಿಸುವುದಿಲ್ಲ.

"ಹಿಲ್ಯಾ ಅಮ್ಮ, ರಾಶಿ ರಾಶಿ ಸೌದೆ ತಿನ್ನುತ್ತೆ ಇದು. ಶಾಖ ಎಲ್ಲಾ ನೆಟ್ಟಗೆ ಸ್ವರ್ಗಕ್ಕೆ ಹೋಗುತ್ತೆ," ಎಂದಳು ಸಿಗ್ರಿಡ್.

"ಭಾನುವಾರ ಬಂದ್ರೆ ನರಕ ಅಂತ ನಮ್ಮನ್ನ ಹೆದರಿಸ್ತೀರಿ. ನಿಮಗೆ ಒಂದಿಷ್ಟು ಚಳಿ ತಡ್ಕೊಳ್ಳೋಕಾಗಲ್ವಾ ಪಾದ್ರಮ್ಮ?"

"ಇಲ್ಲಿ ಕೂತು ಬರೆಯೋವಾಗ ನರಕಾನೇ ವಾಸಿ ಅನ್ಸುತ್ತೆ."

ಲಾಯ್ಡ್ ತಲೆ ಸವರಿಕೊಳ್ಳುತ್ತ ಎದ್ದ. "ಇದರೊಳಗೇ ಒಂದು ಕಬ್ಬಿಣದ ಒಲೆ ತುರುಕಿಬಿಡು ಅಂದ್ರು ಪಾದ್ರಮ್ಮ. ಆಗಲ್ಲ. ಆ ಕಾವು ಈ ತಗಡು ತಡೆಯಲ್ಲ. ಪೆಟ್ಟಿಗೆ, ಕೊಳವೆ ಎರಡೂ ಕಿತ್ತು, ಗಾಜಿನ ಬಾಗಿಲು ಬಿಗಿಯಾಗಿ ಮುಚ್ಚೋ ಹೊಸ ಒಲೆ ಇಡಬೇಕು. ಅರ್ಧ ಸೌದೆಗೇ ಮನೆಯೆಲ್ಲ ಕಾಯುತ್ತೆ."

"ನನ್ನ ಅರ್ವೋನ ಕೆಲಸದಲ್ಲಿ ಹುಳುಕು ಹುಡುಕ್ತೀಯಾ? ತೋರಿಸು ನೋಡೋಣ!"

ಲಾಯ್ಡ್ ಪಕ್ಕದ ಹಲಗೆ ಕಳಚಿ ಟಾರ್ಚ್ ಬಿಟ್ಟ. ಕೊಳವೆಗೂ ಮರಕ್ಕೂ ನಡುವೆ ಗಾಳಿಯಾಡಲು ಜಾಗ ಬಿಡಬೇಕಿತ್ತು. ಅರ್ವೋ ಅಲ್ಲಿ ತಣ್ಣನೆ ಗಾಳಿ ಬರದಿರಲೆಂದು ಕಾಗದದ ಕಟ್ಟುಗಳನ್ನು ಗಿಡಿದಿದ್ದ. ಅಂಚೆಲ್ಲ ಸುಟ್ಟು ಕಂದಾಗಿದ್ದವು. ಹಿಂದಿನ ಮರದ ಕಂಬ ಕರಿ ಇದ್ದಿಲು. ಸ್ಕ್ರೂಡ್ರೈವರ್ ತಾಗಿಸಿದರೆ ಕೇಕಿನೊಳಗೆ ಹೋದಂತೆ ಹೋಯಿತು.

ಹಿಲ್ಯಾ ಕನ್ನಡಕ ಏರಿಸಿ ಒಂದು ಹಾಳೆ ನೋಡಿದಳು. ಚರ್ಚಿನಲ್ಲಿ ಭಾನುವಾರ ಹಂಚುತ್ತಿದ್ದ ಹಾಳೆ.

"ಇದನ್ನೆಲ್ಲ ಟೈಪ್ ಮಾಡಿದ್ದು ನಾನು. ಮಿಕ್ಕಿದ್ದನ್ನ ಒಂದೂ ಬಿಡದೆ ಜೋಪಾನ ಮಾಡಿದ್ದೀನಿ ಅಂತಿದ್ದ ಅರ್ವೋ."

"ಇಷ್ಟು ವರ್ಷ ಬೆಂಕಿ ಹತ್ತದೆ ಇದ್ದದ್ದು ಪವಾಡವೇ," ಎಂದಳು ಸಿಗ್ರಿಡ್, ಮೆಲ್ಲಗೆ.

"ಪವಾಡ ಎಂಥದ್ದು! ಹಳೇ ಪಾದ್ರಿಯ ಉಪದೇಶ ಇದರಲ್ಲಿರೋದು. ಬೆಂಕಿಗೂ ನಿದ್ದೆ ಬಂದಿರುತ್ತೆ."

ಲಾಯ್ಡ್ ಕಿಸಕ್ಕೆಂದ. ಹಿಲ್ಯಾ ನಗಲಿಲ್ಲ. ಹಾಳೆಯನ್ನು ಮಡಚಿದಳು, ಬಿಡಿಸಿದಳು.

"ಲಾಯ್ಡಾ, ಆ ವರ್ಷ ಅವನು ಇಂಥ ಪೆಟ್ಟಿಗೆ ಎರಡು ತಂದಿದ್ದ."

"ಇನ್ನೊಂದು ಎಲ್ಲಿದೆ ಅಜ್ಜಿ?"

"ನನ್ನ ಮನೇಲಿ. ಮಲಗೋ ಕೋಣೆ ಗೋಡೆಯ ಆ ಕಡೆ."

"ನಾನು ಬಂದು ನೋಡೋವರೆಗೆ ಅದನ್ನ ಹಚ್ಚಬೇಡಿ ಮತ್ತೆ."

"ಬೆಳಿಗ್ಗೆ ಹಚ್ಚಿಯೇ ಬಂದೆ."

ಮೂವರೂ ಲಾಯ್ಡನ ಟ್ರಕ್ಕಿಗೆ ಓಡಿದರು. ಹಿಲ್ಯಾಳ ಬೂಟಿನ ದಾರ ಬಿಚ್ಚಿದ್ದರೂ ಎಲ್ಲರಿಗಿಂತ ಮುಂದೆ ಓಡಿದವಳು ಅವಳೇ.

ಮನೆ ನಿಂತಿತ್ತು. ಕೊಳವೆಯಿಂದ ಹೊಗೆ ಏನೂ ಅರಿಯದಂತೆ ಏಳುತ್ತಿತ್ತು. ಲಾಯ್ಡ್ ಕೆಂಡವನ್ನೆಲ್ಲ ಕಬ್ಬಿಣದ ಬಕೆಟ್ಟಿಗೆ ಬಾಚಿ ಹೊರಗೆ ಹಿಮಕ್ಕೆ ಸುರಿದ. ಸಿಗ್ರಿಡ್ ಪ್ರಾರ್ಥನೆ ಮರೆತು ಪಾತ್ರೆ ತುಂಬ ನೀರು ಹಿಡಿದು ನಿಂತಿದ್ದಳು. ಆಮೇಲೆ ಲಾಯ್ಡ್ ಕೋಣೆಗೆ ಹೋಗಿ ಮಂಚದ ಪಕ್ಕದ ಗೋಡೆ ಮುಟ್ಟಿ ನೋಡಿ, ಕೈ ಹಿಂದಕ್ಕೆಳೆದುಕೊಂಡ.

"ಅಜ್ಜಿ, ಇದು ಯಾವಾಗಿಂದ ಹೀಗೆ ಕಾಯ್ತಿದೆ?"

"ಯಾವಾಗ್ಲೂ. ಅವನು ಹೋದ ಮೇಲೆ ಇದಕ್ಕೇ ಬೆನ್ನು ಕೊಟ್ಟು ಮಲಗ್ತೀನಿ. ಇಲ್ಲದಿದ್ರೆ ನಿದ್ದೆ ಹತ್ತಲ್ಲ."

ಸಿಗ್ರಿಡ್ ನೀರಿನ ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಎರಡೂ ಕಿತ್ತು ಹಾಕು. ಎರಡು ಕಡೆಗೂ ನೀನು ಹೇಳಿದ ಒಲೇನೇ ಇಡು," ಎಂದಳು ಹಿಲ್ಯಾ. ಗೋಡೆಯ ಮೇಲೆ ಅಂಗೈಯೂರಿ, ಅದು ಆರುವವರೆಗೂ ತೆಗೆಯಲಿಲ್ಲ.

"ಬದುಕಿದ್ದಾಗ ಒಂದು ದಿನಾನೂ ಇಷ್ಟು ಬೆಚ್ಚಗಿರ್ಲಿಲ್ಲ, ಮುದುಕ."