ಪ್ಲಗ್ ಕಿತ್ತವಳು

ಬೆಳಗಿನಿಂದ ಲ್ಯಾಬಿನ ಒಂದು ರಿಪೋರ್ಟೂ ಡಾಕ್ಟರ ಕಂಪ್ಯೂಟರಿಗೆ ಬಂದಿರಲಿಲ್ಲ. ನರ್ಸಿಂಗ್ ಹೋಮಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ಬಂದು, ಲ್ಯಾಬಿನ ಮತ್ತು ಡಾಕ್ಟರ ಕಡೆಯ ನೆಟ್‌ವರ್ಕುಗಳನ್ನು ಬೆಸೆಯುವ ಪುಟ್ಟ ಲಿನಕ್ಸ್ ಪೆಟ್ಟಿಗೆಗೆ ಕೀಬೋರ್ಡು ಸಿಕ್ಕಿಸಿದ. ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟೇ. ಪೆಟ್ಟಿಗೆ ನೆಟ್ಟಗಿತ್ತು, ಎರಡೂ ಕಡೆಯನ್ನು ಜೋಡಿಸುವ ಒಳಗಿನ ಸೆಟ್ಟಿಂಗು, ಬ್ರಿಡ್ಜ್, ಮಾತ್ರ ಮಾಯವಾಗಿತ್ತು.

"ನೆಲ ಒರೆಸೋಕೆ ಪ್ಲಗ್ ಕಿತ್ತಿದ್ದು ನಾನೇ ಸಾರ್. ಆಗ್ಲೇ ವಾಪಸ್ ಹಾಕ್ದೆ," ಎಂದಳು ಆಯಾ.

ಅಸಲು ತಪ್ಪು ಯಾರದೆಂದು ಅವನಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಆ ಬ್ರಿಡ್ಜನ್ನು ಟೈಪ್ ಮಾಡಿ ನಿಲ್ಲಿಸಿದವನು ಅವನೇ. ಅದನ್ನು ಪೆಟ್ಟಿಗೆಯೊಳಗಿನ ಫೈಲಿಗೆ ಬರೆದಿಡುವುದನ್ನು ನಾಳೆ ನಾಳೆ ಎಂದು ಮರೆತವನೂ ಅವನೇ. ಬರೆದಿಟ್ಟಿದ್ದರೆ ಕರೆಂಟು ಬಂದೊಡನೆ ಅದು ತಾನೇ ಎದ್ದು ನಿಲ್ಲುತ್ತಿತ್ತು. ತಲೆ ಎತ್ತದೆ ಮತ್ತೆ ಟೈಪ್ ಮಾಡಿದ, ಈ ಸಲ ಫೈಲಿಗೂ ಬರೆದ. ರಿಪೋರ್ಟುಗಳು ಒಂದರ ಹಿಂದೊಂದು ಬಂದವು.

"ಪ್ಲಗ್ ಕಿತ್ತಿದ್ದಕ್ಕೇ ತಾನೇ ಹೀಗಾಗಿದ್ದು?" ಮ್ಯಾನೇಜರು ಬಾಗಿಲಲ್ಲೇ ನಿಂತು ಕೇಳಿದರು.

"ಹೌದು ಸಾರ್," ಎಂದ. ಅದು ಸುಳ್ಳೇನೂ ಅಲ್ಲ.

"ತಪ್ಪೊಪ್ಪಿಗೆ ಬರೆಸ್ಕೊಂಡು ನನ್ನ ಟೇಬಲ್ ಮೇಲಿಡಿ. ತಪ್ಪು ಮಾಡಿದೋರು ನಾಳೆಯಿಂದ ಈ ಕಡೆ ತಲೆ ಹಾಕೋದು ಬೇಡ."

ಅವರು ಹೋದ ಮೇಲೆ ಆಯಾ ಮೆಲ್ಲಗೆ ಹೇಳಿದಳು: "ನಂಗೆ ಬರಿಯೋಕೆ ಬರಲ್ಲ. ನೀವೇ ಬರ್ಕೊಡಿ ಸಾರ್, ಹೆಬ್ಬೆಟ್ಟು ಒತ್ತೀನಿ."

ಅವನು ಬರೆದ: 'ನನ್ನ ಅಜಾಗರೂಕತೆಯಿಂದ ಇಂದು ರಿಪೋರ್ಟುಗಳು ತಲುಪಲಿಲ್ಲ. ಕ್ಷಮಿಸಬೇಕು.' ಗಟ್ಟಿಯಾಗಿ ಓದಿಯೂ ಹೇಳಿದ. ಅವಳು ತಲೆಯಾಡಿಸಿ, ಹೆಬ್ಬೆರಳನ್ನು ಇಂಕ್ ಪ್ಯಾಡಿಗೆ ಒತ್ತಿ, ಕಾಗದಕ್ಕಾಗಿ ಕೈ ಚಾಚಿದಳು.

ಅಷ್ಟರಲ್ಲಿ ಅವನು 'ಇಂತಿ' ಎಂದು ಬರೆದು, ಅದರ ಕೆಳಗೆ ತನ್ನ ಸಹಿ ಹಾಕಿಬಿಟ್ಟಿದ್ದ.